ಪರದೆ ಹೊತ್ತು ಊರೂರಿಗೆ

ಸಿನೆಮಾ ಎಂದರೆ ಹಾಡು, ಹೊಡೆದಾಟ, ಕೊನೆಗೊಂದು ಮದುವೆ ಎಂದು ತಿಳಿದು ಬೆಳೆದ ತಲೆಮಾರು ನಮ್ಮದು. ಅಸಲು ಸಿನೆಮಾ ಶುರುವಾಗುವ ಮೊದಲು ಕಪ್ಪುಬಿಳುಪಿನ ಒಂದು ತುಂಡು ಚಿತ್ರ ಬರುತ್ತಿತ್ತು. ಅಣೆಕಟ್ಟು, ನೆರೆ, ಮಂತ್ರಿಗಳ ಉದ್ಘಾಟನೆ, ಹೊಸ ಭತ್ತದ ತಳಿ. ಅದು ಮುಗಿಯುವುದರೊಳಗೆ ಕಡಲೆಕಾಯಿ ಕೊಂಡು ತರುವುದು ನಮ್ಮ ಪದ್ಧತಿ. 1948ರಲ್ಲಿ ಸ್ಥಾಪನೆಯಾದ ಫಿಲ್ಮ್ಸ್ ಡಿವಿಜನ್ ಎಂಬ ಸರಕಾರಿ ಸಂಸ್ಥೆ ಅವನ್ನು ತಯಾರಿಸಿ, ಕನ್ನಡವೂ ಸೇರಿದಂತೆ ಹಲವು ಭಾಷೆಗಳ ವಿವರಣೆಯೊಡನೆ ದೇಶದ ಚಿತ್ರಮಂದಿರಗಳಿಗೆಲ್ಲ ಕಳುಹಿಸುತ್ತಿತ್ತು. ತೋರಿಸಲೇಬೇಕೆಂಬ ಕಟ್ಟಳೆಯೂ ಇತ್ತು. 2022ರಲ್ಲಿ ಆ ಸಂಸ್ಥೆ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ಮುಂಬಯಿಯ ಪೆಡ್ಡರ್ ರೋಡಿನ ಅದರ ಆವರಣದಲ್ಲಿ 2019ರ ಜನವರಿಯಲ್ಲಿ ತೆರೆದ ಸಿನೆಮಾ ವಸ್ತುಸಂಗ್ರಹಾಲಯವನ್ನು ನಮ್ಮ ಓದುಗರಲ್ಲಿ ಕೆಲವರಾದರೂ ನೋಡಿರಬಹುದು.

ಊರಿನಲ್ಲಿ ಇನ್ನೊಂದು ಬಗೆ ಇತ್ತು. ವರ್ಷಕ್ಕೊಮ್ಮೆ ಸರಕಾರದ ಜೀಪು ಬರುತ್ತಿತ್ತು. ಶಾಲೆಯ ಬಯಲಿನಲ್ಲಿ ಎರಡು ಗಳ ನೆಟ್ಟು ಬಿಳಿ ಬಟ್ಟೆ ಬಿಗಿದರೆ ಅದೇ ಪರದೆ. 16 ಮಿಲಿಮೀಟರಿನ ಪ್ರೊಜೆಕ್ಟರು. 1,200 ಅಡಿಯ ಸುರುಳಿ ಅರ್ಧ ಗಂಟೆಯಲ್ಲಿ ಮುಗಿದು ಇನ್ನೊಂದನ್ನು ಏರಿಸುವ ತನಕ ಬರಿಯ ಬೆಳಕು. ಆ ಬೆಳಕಿನಲ್ಲಿ ಮಕ್ಕಳೆಲ್ಲ ಕೈಬೆರಳಿನಿಂದ ನಾಯಿ, ಮೊಲ, ಹಕ್ಕಿ ಮಾಡಿ ತೋರಿಸುವುದು. ಮುಂದೆ ಜಾಗ ಸಿಕ್ಕದವರು ಪರದೆಯ ಹಿಂದೆ ಕುಳಿತು ಎಡಗೈ ಬಲಗೈಯಾದ ಸಿನೆಮಾವನ್ನೇ ನೋಡಿ ಸಂತೋಷಪಟ್ಟು ಹೋಗುತ್ತಿದ್ದರು.

ಚಿತ್ರವನ್ನು ಜನರಿರುವಲ್ಲಿಗೆ ಹೊತ್ತುಕೊಂಡು ಹೋಗುವ ಕೆಲಸ ನಮ್ಮ ದೇಶದಲ್ಲಿ ಸಿನೆಮಾದಷ್ಟೇ ಹಳೆಯದು. 1913ರ ಮೇ 3ರಂದು ಗಿರ್ಗಾಂವಿನ ಕಾರೋನೇಶನ್ ಚಿತ್ರಗೃಹದಲ್ಲಿ 'ರಾಜಾ ಹರಿಶ್ಚಂದ್ರ'ವನ್ನು ತೆರೆ ಕಾಣಿಸಿದ ದಾದಾಸಾಹೇಬ ಫಾಲ್ಕೆಯವರು ಅನಂತರ ಪ್ರೊಜೆಕ್ಟರನ್ನು ಕಟ್ಟಿಕೊಂಡು ಊರೂರು ಸುತ್ತಿದರು. ಅದಕ್ಕೂ ಮೊದಲು ಅವರು ಬಟಾಣಿ ಬೀಜವೊಂದು ಮೊಳೆತು ಗಿಡವಾಗುವುದನ್ನು ಒಂದೊಂದೇ ಚೌಕಟ್ಟಾಗಿ ಚಿತ್ರಿಸಿ ಸಾಲ ಕೊಡುವವರಿಗೆ ತೋರಿಸಿದ್ದರು. ಅದನ್ನು ಸಾಕ್ಷ್ಯಚಿತ್ರವೆಂದರೆ ತಪ್ಪಿಲ್ಲ.

ನಮ್ಮ ಕಡೆ ಹೆಗ್ಗೋಡಿನ ಉದಾಹರಣೆ ಇದೆ. ಸಾಗರದ ಪಕ್ಕದ ಆ ಹಳ್ಳಿಯಲ್ಲಿ ನೀನಾಸಮ್‌ನವರು 1973ರಲ್ಲಿ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಕೆಲಸ ಮುಗಿಸಿ ಬಂದವರಿಗೆ ಬಂಗಾಲಿ, ಜಪಾನಿ, ಇಟಾಲಿಯನ್ ಚಿತ್ರಗಳನ್ನು ಕನ್ನಡದಲ್ಲಿ ವಿವರಿಸಿ ತೋರಿಸಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ ಬಹಾದ್ದೂರರು ಅಲ್ಲಿಗೆ ಹೋಗಿ ಪಾಠ ಹೇಳಿದರು. ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದುದು ಎಲ್ಲರಿಗೂ ಗೊತ್ತಿರುವ ಸಂಗತಿ. ಇತ್ತ ಮುಂಬಯಿಯಲ್ಲಿ ಆನಂದ ಪಟವರ್ಧನರು ಜೋಪಡಿವಾಸಿಗಳನ್ನು ಕುರಿತ 'ಹಮಾರಾ ಶಹರ್' ಎಂಬ ತಮ್ಮ 1985ರ ಚಿತ್ರವನ್ನು ಜೋಪಡಿಗಳ ನಡುವೆಯೇ ತೋರಿಸಿದರು. 14 ವರ್ಷ ಚಿತ್ರಿಸಿದ 'ಜೈ ಭೀಮ್ ಕಾಮ್ರೇಡ್' ಕೂಡ ಚಾಳು, ಬಸ್ತಿ, ಸಣ್ಣ ಪೇಟೆಗಳಿಗೆ ಹೋಯಿತು. ಕೋರ್ಟು ಕಚೇರಿ ಹತ್ತಿ ತಮ್ಮ ಚಿತ್ರಗಳನ್ನು ದೂರದರ್ಶನದಲ್ಲಿ ಬರುವಂತೆ ಮಾಡಿದವರು ಅವರು. ಆದರೂ ಪರದೆ ಕಟ್ಟಿ ತೋರಿಸುವುದನ್ನು ಬಿಡಲಿಲ್ಲ. ಯಾರ ಕತೆಯೋ ಅವರ ಮುಂದೆ ನಿಂತು ತೋರಿಸಿದರೆ, ಕತೆ ಸರಿಯಿದೆಯೋ ಇಲ್ಲವೋ ಅಲ್ಲೇ ತೀರ್ಮಾನವಾಗುತ್ತದೆ.

ಈ ಮಾತು ಎಷ್ಟು ನಿಜವೆಂದು ನಮಗೆ ತಿಳಿದದ್ದು 2019ರ ಜನವರಿಯಲ್ಲಿ, ಹನ್ನೆರಡು ದಿನ ಒಬ್ಬ ಹುಡುಗನ ಹಿಂದೆ ತಿರುಗಿದ ಮೇಲೆ.

ಹುಡುಗ ನಮ್ಮ ಸಂಘದ ಹಳೆಯ ಸದಸ್ಯರೊಬ್ಬರ ಮಗ. ಹುಟ್ಟಿದ್ದು ಬೆಳೆದದ್ದು ಇಲ್ಲೇ. ತುಳು ಚೆನ್ನಾಗಿ ಬರುತ್ತದೆ, ಕನ್ನಡ ಮಾತಾಡುತ್ತಾನೆ, ಓದಲು ಬಾರದು. ತಂದೆ ಹದಿಮೂರನೆಯ ವಯಸ್ಸಿಗೆ ಊರು ಬಿಟ್ಟು ಬಂದು, ಫೋರ್ಟಿನ ಕಚೇರಿಯೊಂದರ ಕ್ಯಾಂಟೀನಿನಲ್ಲಿ ಕಪ್ಪು ಬಸಿ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ, ಎಸ್‌ಎಸ್‌ಸಿ ಮುಗಿಸಿ, ಬ್ಯಾಂಕಿನ ಗುಮಾಸ್ತರಾದವರು. ನಮ್ಮಲ್ಲಿ ಎಷ್ಟೋ ಮನೆಗಳ ಕತೆ ಇದು. ತಂದೆ ತೀರಿಕೊಂಡ ಮೇಲೆ ಹುಡುಗ ಅವರ ಶಾಲೆಯನ್ನು ಹುಡುಕಿಕೊಂಡು ಹೋದ. ಅಲ್ಲಿ ಒಂಬತ್ತು ಮಂದಿ ವಿದ್ಯಾರ್ಥಿಗಳೂ ಎರಡು ಕಪಾಟು ತುಂಬ ಹಳೆಯ ದಾಖಲೆ ಪುಸ್ತಕಗಳೂ ಉಳಿದಿದ್ದವು. ಮಾರನೆಯ ವರ್ಷ ಶಾಲೆ ಮುಚ್ಚಿತು. ಅದನ್ನೂ, ಅಲ್ಲಿ ಓದಿದವರನ್ನೂ, ಅವರು ದುಡಿದ ಹೋಟೆಲುಗಳನ್ನೂ ಎರಡು ವರ್ಷ ತಿರುಗಿ ಚಿತ್ರಿಸಿದ. 56 ನಿಮಿಷದ ಚಿತ್ರವಾಯಿತು. ಸೆನ್ಸಾರಿನ 'ಯು' ಪತ್ರವೂ ಸಿಕ್ಕಿತು.

ಮುಂಬಯಿಯಲ್ಲಿ ಎರಡು ಕಡೆ ತೋರಿಸಿದ. ಚಪ್ಪಾಳೆ, ಶಾಲು, ಫೋಟೋ ಎಲ್ಲ ಆಯಿತು. ಆ ಮೇಲೆ ಅವನೊಂದು ಮಾತು ಹೇಳಿದ: "ಅಂಕಲ್, ಇಲ್ಲಿ ನೋಡಿದವರೆಲ್ಲ ಗೆದ್ದವರು. ಹುಡುಗರು ಹೊರಟ ಊರುಗಳಲ್ಲಿ ಇದನ್ನು ತೋರಿಸಬೇಕು." ಹೇಳುವುದೇನೋ ಹೇಳಿದ, ಆ ಊರುಗಳಲ್ಲಿ ಅವನಿಗೆ ಯಾರ ಗುರುತೂ ಇಲ್ಲ. ಹೀಗೆ ನಾವು ನಾಲ್ವರು ಜೊತೆಯಾದೆವು. ರಾತ್ರಿ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಕಲಿಸಿ ನಿವೃತ್ತರಾದ ಮಾಸ್ತರರೊಬ್ಬರು, ಮಾಟುಂಗದ ದಂಪತಿಗಳಿಬ್ಬರು, ಹೋಟೆಲು ಮಾರಿ ಮೊಮ್ಮಕ್ಕಳನ್ನು ಆಡಿಸಿಕೊಂಡಿರುವ ಒಬ್ಬರು. ಕುರ್ಲಾದಲ್ಲಿ ಮತ್ಸ್ಯಗಂಧಾ ರೈಲು ಹತ್ತಿದಾಗ ಒಂದು ಪ್ರೊಜೆಕ್ಟರು, ಎರಡು ಸ್ಪೀಕರು, ಮಡಚಿದ ಪರದೆ, ಒಂದು ಬುಟ್ಟಿ ಚಪಾತಿ ನಮ್ಮ ಸಾಮಾನು. ಸಿನೆಮಾ ಮಾತ್ರ ಹುಡುಗನ ಅಂಗಿಯ ಜೇಬಿನಲ್ಲಿ, ಹೆಬ್ಬೆರಳಷ್ಟು ಪೆನ್‌ಡ್ರೈವಿನಲ್ಲಿ. ಹಿಂದೆ ಇದೇ ಊರುಗಳಿಂದ ಮುಂಬಯಿಗೆ ಹೊರಟವರು ಘಟ್ಟ ಹತ್ತಿ ಬಸ್ಸಿನಲ್ಲಿ ಹಗಲೂ ರಾತ್ರಿಯೂ ವಾಂತಿ ಮಾಡಿಕೊಂಡು ಬಂದವರು. ಕೊಂಕಣ ರೈಲು ಪೂರ್ತಿ ತೆರೆದದ್ದೇ 1998ರಲ್ಲಿ.

ಮೂಲ್ಕಿಯಿಂದ ಬೈಂದೂರಿನ ತನಕ ಒಂಬತ್ತು ಪ್ರದರ್ಶನ. ಯುವಕ ಮಂಡಲದ ಕಟ್ಟಡ, ಶಾಲೆಯ ಜಗಲಿ, ಒಂದು ಕಡೆ ಗೇರುಬೀಜ ಕಾರ್ಖಾನೆಯ ಅಂಗಳ. ಧ್ವನಿವರ್ಧಕಕ್ಕೆ ರಾತ್ರಿ ಹತ್ತರ ಮಿತಿ. ಆದ್ದರಿಂದ ಏಳಕ್ಕೆ ಶುರು, ಎಂಟಕ್ಕೆ ಮುಗಿದರೆ ಮಾತಿಗೆ ಎರಡು ಗಂಟೆ. ಆದರೆ ಕರಾವಳಿಯಲ್ಲಿ ಜನವರಿಯೆಂದರೆ ಮೇಳದ ಆಟ, ಕೋಲ, ಕಂಬಳಗಳ ಕಾಲ. ಹೆಬ್ರಿಯಲ್ಲಿ ನಾವು ಗೊತ್ತುಮಾಡಿದ ರಾತ್ರಿಯೇ ಬಯಲಾಟ. ಆಟ ಆಡಿಸುವ ಮನೆಯವರು ದೊಡ್ಡ ಮನಸ್ಸಿನಿಂದ, "ಚೆಂಡೆ ಬಡಿಯುವುದರೊಳಗೆ ಮುಗಿಸಿ ಮಾರಾಯ್ರೆ, ಆ ಮೇಲೆ ಕೇಳಬೇಡಿ" ಎಂದು ತಮ್ಮ ರಂಗಸ್ಥಳದ ಪಕ್ಕದಲ್ಲೇ ಜಾಗ ಕೊಟ್ಟರು. ಆಟಕ್ಕೆ ಬಂದವರೆಲ್ಲ ನಮ್ಮ ಪ್ರೇಕ್ಷಕರಾದರು. ಅಷ್ಟು ಜನ ಬೇರೆಲ್ಲೂ ಸೇರಲಿಲ್ಲ.

ಹುಡುಗ ಚಿತ್ರ ನಡೆಯುವಾಗ ಪರದೆಯನ್ನು ನೋಡುವುದೇ ಇಲ್ಲ. ಹಿಂದೆ ನಿಂತು ಜನರ ತಲೆಗಳನ್ನು ನೋಡುತ್ತಾನೆ. ಕಾರ್ಕಳದಲ್ಲಿ, ಪ್ರಾಧ್ಯಾಪಕರೊಬ್ಬರು ವಲಸೆಯ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡುವ ಭಾಗ ಬಂದಾಗ ಮೂರು ಸಾಲು ಎದ್ದು ಚಹಾಕ್ಕೆ ಹೋಯಿತು. ಆ ರಾತ್ರಿ ತಂಗಿದಲ್ಲಿ ಹುಡುಗ ಲ್ಯಾಪ್‌ಟಾಪು ತೆರೆದು ಎರಡು ಗಂಟೆಯ ತನಕ ಕುಳಿತಿದ್ದ. ಮರುದಿನದಿಂದ ಚಿತ್ರ 52 ನಿಮಿಷ. ಪ್ರಾಧ್ಯಾಪಕರು ಇರಲಿಲ್ಲ.

ಭಾಷೆಯ ತೊಡಕೂ ಬಂತು. ಚಿತ್ರದಲ್ಲಿ ತುಳುವಿದೆ, ಕನ್ನಡವಿದೆ, ಮುಂಬಯಿ ಹಿಂದಿಯಿದೆ. ಕೆಳಗೆ ಬರುವ ಅಕ್ಷರ ಮಾತ್ರ ಇಂಗ್ಲಿಷು. ಬ್ರಹ್ಮಾವರ ದಾಟಿ ಕುಂದಾಪುರದ ಕಡೆ ಹೋದರೆ ತುಳು ನಿಲ್ಲುತ್ತದೆ. ಅಲ್ಲಿ ಮಾಸ್ತರರು ಪರದೆಯ ಪಕ್ಕದಲ್ಲಿ ನಿಂತು ಮಾತು ಬಂದ ಹಾಗೆ ಕನ್ನಡದಲ್ಲಿ ಹೇಳತೊಡಗಿದರು. ಮೊದಲ ದಿನ ಸಂಕೋಚ. ಎರಡನೆಯ ದಿನಕ್ಕೆ ಅವರು ತಾಳಮದ್ದಳೆಯ ಅರ್ಥಧಾರಿಯೇ ಆಗಿಬಿಟ್ಟರು. ಚಿತ್ರದಲ್ಲಿ ಇಲ್ಲದ ಮಾತನ್ನೂ ಸೇರಿಸುತ್ತಿದ್ದಾರೆಂದು ಹುಡುಗನಿಗೆ ಅನುಮಾನ. ಜನರಿಗೆ ಅದೇ ಇಷ್ಟವಾಯಿತು.

ಚಿತ್ರದಲ್ಲಿ ಒಂದು ದೃಶ್ಯವಿದೆ. ರಾತ್ರಿ ಒಂದು ಗಂಟೆ. ಹೋಟೆಲಿನ ಬಾಗಿಲು ಅರ್ಧ ಇಳಿದಿದೆ. ಕೆಲಸದ ಹುಡುಗರು ಟೇಬಲುಗಳನ್ನು ಒಂದಕ್ಕೊಂದು ಸೇರಿಸಿ, ಮೇಲೆ ಚಾದರ ಹಾಸಿ, ಚಪ್ಪಲಿಯನ್ನು ತಲೆದಿಂಬಿನ ಅಡಿಗೆ ಇಟ್ಟು ಮಲಗುತ್ತಾರೆ. ಹಾಗೆ ಮಲಗುವವರು ಈಗ ನಮ್ಮವರಲ್ಲ. ಜಾರ್ಖಂಡದವರು, ಉತ್ತರ ಪ್ರದೇಶದವರು. ದೃಶ್ಯದ ಮೇಲೆ ಕೇಳುವ ದನಿ ಮಾತ್ರ ನಮ್ಮವರೊಬ್ಬರದು. ಐವತ್ತು ವರ್ಷದ ಹಿಂದೆ ತಾವು ಮಲಗಿದ್ದು ಹೀಗೆಯೇ ಎಂದು ಹೇಳುತ್ತಾರೆ. ಮುಂಬಯಿಯಲ್ಲಿ ಈ ದೃಶ್ಯಕ್ಕೆ ಜನ ನಕ್ಕಿದ್ದರು, 'ನಾವೂ ಹಾಗೇ' ಎಂದು ಒಬ್ಬರ ಬೆನ್ನು ಒಬ್ಬರು ತಟ್ಟಿದ್ದರು. ಊರಿನಲ್ಲಿ ಯಾರೂ ನಗಲಿಲ್ಲ.

ಕುಂದಾಪುರದ ಸಮೀಪದ ಒಂದು ಪೇಟೆಯಲ್ಲಿ, ಮುಂದಿನ ಸಾಲಿನ ಅಜ್ಜಿಯೊಬ್ಬರು ಚಿತ್ರ ನಡೆಯುತ್ತಿರುವಾಗಲೇ ಪಕ್ಕದಲ್ಲಿದ್ದ ಮಗನ ಕಡೆ ತಿರುಗಿದರು. ಮಗನಿಗೂ ಅರುವತ್ತು ದಾಟಿದೆ. ಮುಂಬಯಿಯಲ್ಲಿ ದುಡಿದು ಊರಿಗೆ ಮರಳಿದವರು. ಅಜ್ಜಿ ಎಲ್ಲರಿಗೂ ಕೇಳುವ ಹಾಗೆ, "ನೀ ಮಂಚದ ಮೇಲೆ ಮಲಗ್ತೆ ಅಂದೇಳಿ ಕಾಗದ ಬರದಿದ್ದೆ ಅಲ್ದಾ ಮಗಾ?" ಎಂದರು. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಟೇಬಲೂ ಮಂಚವೇ ಅಲ್ದಾ ಅಮ್ಮ, ನಾಲ್ಕು ಕಾಲು ಇತ್ತಲ್ಲ" ಎಂದರು. ಅಜ್ಜಿ ಮತ್ತೆ ಪರದೆ ನೋಡಿ, ಅಲ್ಲಿ ಮಲಗಿದ್ದ ಹುಡುಗನನ್ನು ತೋರಿಸಿ, "ಇವನ ಅಮ್ಮನಿಗೆ ಗೊತ್ತಿತ್ತಾ?" ಎಂದು ನಮ್ಮ ಹುಡುಗನನ್ನು ಕೇಳಿದರು. ಹುಡುಗನ ಹತ್ತಿರ ಉತ್ತರ ಇರಲಿಲ್ಲ. ಆ ಜಾರ್ಖಂಡದ ಹುಡುಗನ ಊರಿಗೂ ಪರದೆ ಹೊತ್ತು ಹೋಗಬೇಕೆಂದು ಅವನು ಅಂದಿನಿಂದ ಹೇಳುತ್ತಿದ್ದಾನೆ.

ಚಿತ್ರ ಮುಗಿದ ಮೇಲೆ ಪ್ರಶ್ನೆಗಳು ಬಂದವು. ಯಾಕೆ ಅಷ್ಟು ಸಣ್ಣ ಹುಡುಗರನ್ನು ಇಟ್ಟುಕೊಂಡರು ಎಂದು ಕಾಲೇಜು ಹುಡುಗಿಯೊಬ್ಬಳು ನೇರವಾಗಿ ಕೇಳಿದಳು. ನಮ್ಮ ಜೊತೆಗಿದ್ದ ಹೋಟೆಲಿನವರು ಎದ್ದು ನಿಂತು, ಇದ್ದುದನ್ನು ಇದ್ದ ಹಾಗೆ ಹೇಳಿದರು. ಗೇಣಿ ಕೊಟ್ಟು ಉಳಿಯುವ ಅಕ್ಕಿ ಮಳೆಗಾಲಕ್ಕೆ ಸಾಲದ ಕಾಲವದು. ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಮನೆಯವರೇ ಹುಡುಗನ ಕೈ ಹಿಡಿದು ತಂದು, "ಅನ್ನ ಹಾಕಿ ಸಾಕು" ಎಂದು ಬಿಟ್ಟುಹೋಗುತ್ತಿದ್ದರು. ಕೆಲವು ಧಣಿಗಳು ಸಂಜೆ ಶಾಲೆಗೆ ಬಿಟ್ಟರು, ಕೆಲವರು ಬಿಡಲಿಲ್ಲ. ಹದಿನಾಲ್ಕರ ಕೆಳಗಿನ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸಬಾರದೆಂಬ ಕಾನೂನು ಬಂದದ್ದು 2006ರ ಅಕ್ಟೋಬರಿನಲ್ಲಿ. ಆ ಹೊತ್ತಿಗೆ ಊರಿನ ಹುಡುಗರು ಬರುವುದೇ ನಿಂತುಹೋಗಿತ್ತು, ಊರಲ್ಲೇ ಶಾಲೆ ಕಾಲೇಜುಗಳಾಗಿದ್ದವು. ರಾತ್ರಿ ಶಾಲೆ ಮುಚ್ಚಿದ್ದಕ್ಕೆ ಅಳುವುದೋ ನಗುವುದೋ ಎಂದು ಅವರು ಕೇಳಿದಾಗ, ಹುಡುಗಿ, "ನಗುವುದೇ ಸರಿ, ಆದರೆ ಮರೆಯಬಾರದು" ಎಂದಳು. ನಮಗೆ ಯಾರಿಗೂ ಅಷ್ಟು ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ.

ಆದರೆ ಪ್ರತಿ ಊರಿನಲ್ಲೂ, ಎಲ್ಲರೂ ಎದ್ದು ಹೋದ ಮೇಲೆ, ಪರದೆ ಮಡಚುವ ಹೊತ್ತಿಗೆ ಒಬ್ಬರಾದರೂ ಹತ್ತಿರ ಬರುತ್ತಿದ್ದರು. ಮೊದಲು ಬಂದದ್ದು ಶಿರ್ವದಲ್ಲಿ, ಎಪ್ಪತ್ತರ ಆಚೆಯ ಒಬ್ಬ ಹೆಂಗಸು. ತಮ್ಮ 1971ರಲ್ಲಿ ಓಡಿಹೋದನಂತೆ. ಆಗ ಹನ್ನೆರಡು ವರ್ಷ. ಒಂದು ದೀಪಾವಳಿಗೆ ಹದಿನೈದು ರೂಪಾಯಿ ಮನಿಯಾರ್ಡರು ಬಂತು. ಆ ಮೇಲೆ ಏನೂ ಇಲ್ಲ. "ಶಾಲೆಯ ಫೋಟೋ ತೋರಿಸಿದಿರಲ್ಲ, ಅದರಲ್ಲಿ ಎಡಗಡೆಯಿಂದ ಮೂರನೆಯವ ಯಾರು?" ಎಂದು ಕೇಳಿದರು. ಹುಡುಗ ಅಲ್ಲೇ ಮತ್ತೆ ಪರದೆ ಬಿಚ್ಚಿ, ಆ ಫೋಟೋವನ್ನು ನಿಲ್ಲಿಸಿ ತೋರಿಸಿದ. ಆಕೆ ಪರದೆಯ ತೀರ ಹತ್ತಿರ ಹೋಗಿ ನೋಡಿದರು. ಆಕೆಯ ನೆರಳು ಬಿದ್ದು ಮುಖ ಕಾಣದಂತಾಯಿತು; ಪಕ್ಕಕ್ಕೆ ಸರಿದು ಮತ್ತೆ ನೋಡಿದರು. "ಅಲ್ಲ" ಎಂದು ಹೇಳಿ ಹೋದರು.

ಆ ರಾತ್ರಿ ಮಾಸ್ತರರು ಒಂದು ನೋಟ್‌ಬುಕ್ಕು ಕೊಂಡರು. ಹುಡುಗನ ಹೆಸರು, ಮನೆಯ ಹೆಸರು, ತಂದೆ ತಾಯಿಯ ಹೆಸರು, ಊರು ಬಿಟ್ಟ ವರ್ಷ, ಕೊನೆಯ ಕಾಗದ ಎಲ್ಲಿಂದ ಬಂತು, ಮೈಮೇಲಿನ ಗುರುತು. ಬೈಂದೂರು ಮುಗಿಯುವ ಹೊತ್ತಿಗೆ ಅದರಲ್ಲಿ ಹದಿನಾಲ್ಕು ಹೆಸರುಗಳಾಗಿದ್ದವು. ಚಿತ್ರದ ಖರ್ಚಿಗೆಂದು ನಾವು ಹಾಸುತ್ತಿದ್ದ ಬೈರಾಸಿನಲ್ಲಿ ಹತ್ತು ಇಪ್ಪತ್ತರ ನೋಟುಗಳು ಬೀಳುತ್ತಿದ್ದವು. ಹೆಸರು ಬರೆಸಿದವರು ತಪ್ಪದೆ ಹಾಕುತ್ತಿದ್ದರು. ಬೇಡವೆಂದರೆ ಕೇಳುತ್ತಿರಲಿಲ್ಲ.

ಸಾಕ್ಷ್ಯಚಿತ್ರ ಮಾಡುವವನ ಕೆಲಸ ಚಿತ್ರ ತೋರಿಸಿದಲ್ಲಿಗೆ ಮುಗಿಯುತ್ತದೆಯೇ ಎಂಬ ಬಗ್ಗೆ ರೈಲಿನಲ್ಲಿ ಬರುವಾಗ ನಮ್ಮಲ್ಲಿ ಚರ್ಚೆಯಾಯಿತು. ಮುಗಿಯುತ್ತದೆ, ಇದು ಪೊಲೀಸರ ಕೆಲಸ, ಸುಮ್ಮನೆ ಆಸೆ ಹುಟ್ಟಿಸಬಾರದು ಎಂದು ಹೋಟೆಲಿನವರ ವಾದ. ಅದರಲ್ಲಿ ಹುರುಳಿಲ್ಲವೆಂದಲ್ಲ. ಮಾಸ್ತರರು ವಾದ ಮಾಡಲಿಲ್ಲ. ಮುಂಬಯಿಗೆ ಬಂದ ಮರುವಾರ, ಮುಚ್ಚಿದ ಶಾಲೆಯ ಆಡಳಿತದವರಿಂದ ಆ ಎರಡು ಕಪಾಟುಗಳ ಬೀಗದ ಕೈ ಕೇಳಿ ತಂದರು. ಶಾಲೆಗೆ ಸೇರುವಾಗ ಬರೆಯುವ ಜನರಲ್ ರಿಜಿಸ್ಟರಿನಲ್ಲಿ ವಿದ್ಯಾರ್ಥಿಯ ಹೆಸರಿನೊಡನೆ ಹುಟ್ಟಿದ ಊರು, ತಾಲೂಕು, ತಾರೀಖು, ಹಿಂದೆ ಓದಿದ ಶಾಲೆ ಎಲ್ಲ ಇರುತ್ತದೆ. ಹೆಸರು ಬದಲಿಸಿಕೊಂಡವರು ಕೂಡ ಊರನ್ನು ಸಾಮಾನ್ಯವಾಗಿ ಬದಲಿಸುವುದಿಲ್ಲ. ಹುಡುಗನಿಗೆ ಕನ್ನಡ ಓದಲು ಬಾರದೆಂದು ಹೇಳಿದೆವಲ್ಲ, ಈ ರಿಜಿಸ್ಟರುಗಳ ಎದುರು ಕುಳಿತೇ ಅವನು ಕಲಿತ. ಅವನು ಸರಾಗವಾಗಿ ಓದಬಲ್ಲ ಕನ್ನಡವೆಂದರೆ ಇಂದಿಗೂ ಊರುಗಳ ಹೆಸರು.

ಹದಿನಾಲ್ಕರಲ್ಲಿ ಮೂವರ ಸುಳಿವು ರಿಜಿಸ್ಟರಿನಲ್ಲಿ ಸಿಕ್ಕಿತು. ಒಬ್ಬರು 1993ರಲ್ಲಿ ತೀರಿಕೊಂಡಿದ್ದರು. ಜೊತೆಗೆ ಓದಿದವರೊಬ್ಬರು ತಾವೇ ಮಣ್ಣು ಮಾಡಿದೆವೆಂದು ಹೇಳಿದರು. ಊರಿನಲ್ಲಿ ಅಣ್ಣನಿಗೆ ತಿಳಿಸಿದೆವು. ಅವರು ಬೊಜ್ಜದ ಕ್ರಮ ಮಾಡಿ ನಮಗೂ ಹೇಳಿಕೆ ಕಳುಹಿಸಿದರು. ಇನ್ನೊಬ್ಬರ ಜಾಡು ಸೂರತ್ತಿನ ತನಕ ಹೋಗಿ ನಿಂತಿತು. ಮೂರನೆಯವರು ಭಿವಂಡಿಯಲ್ಲಿ ಇದ್ದಾರೆ. ಚಹಾದ ಗಾಡಿಯಿಂದ ಶುರುಮಾಡಿ, ಅಲ್ಲೇ ಮದುವೆಯಾಗಿ, ಮೂವರು ಮಕ್ಕಳು. ನಾವು ಹೋದಾಗ ಮೊದಲು ತಾನು ಆ ಊರಿನವನೇ ಅಲ್ಲವೆಂದರು. ಹುಡುಗ ವಾದಿಸದೆ, ಫೋನಿನಲ್ಲಿ ಅವರ ಅಕ್ಕನ ಮುಖ ತೋರಿಸಿದ. ಪ್ರದರ್ಶನದ ರಾತ್ರಿ ಪರದೆಯ ಬೆಳಕಿನಲ್ಲಿ ಅವನು ತೆಗೆದ ಚಿತ್ರ. ಅವರು ಅದನ್ನು ನೋಡಿ, ನಮಗೆ ಚಹಾ ತರಿಸಿ, ನಾವು ಕುಡಿದು ಮುಗಿಸುವ ತನಕ ಮಾತಾಡಲಿಲ್ಲ. ಆ ಮೇಲೆ, "ಆಗ ಇವಳ ಜಡೆ ಮೊಣಕಾಲ ತನಕ ಇತ್ತು" ಎಂದರು, ತುಳುವಿನಲ್ಲಿ. ನಲವತ್ತೆಂಟು ವರ್ಷಗಳ ಬಳಿಕ ಆ ವರ್ಷದ ಮೇ ತಿಂಗಳಲ್ಲಿ ಊರಿಗೆ ಹೋಗಿ ಬಂದರು. ಎರಡು ದಿನ ಮಾತ್ರ ನಿಂತರಂತೆ. ಅಕ್ಕ ನಮಗೆ ಒಂದು ಮೂಟೆ ಕುಚ್ಚಲಕ್ಕಿ ಕಳುಹಿಸಿಕೊಟ್ಟರು. ಶಿರ್ವದ ಫೋಟೋದಲ್ಲಿ 'ಅಲ್ಲ' ಎಂದು ಹೋದರಲ್ಲ, ಅವರೇ ಈ ಅಕ್ಕ. ಅವರ ತಮ್ಮ ಆ ಫೋಟೋದಲ್ಲಿ ಇರಲಿಲ್ಲ, ರಿಜಿಸ್ಟರಿನಲ್ಲಿ ಇದ್ದರು.

ಅದೇ ಚಿತ್ರವನ್ನು ದೊಡ್ಡ ಪರದೆಯಲ್ಲಿ, ತಂಪು ಹವೆಯ ಸಭಾಂಗಣದಲ್ಲಿ ಮಾತ್ರ ತೋರಿಸಿದ್ದರೆ ಇದೊಂದೂ ಆಗುತ್ತಿರಲಿಲ್ಲ. ಊರಿನ ಜನ ಸಿನೆಮಾ ನೋಡಲು ಬರುವಾಗ ತಮ್ಮ ಮನೆಯ ಒಂದು ಪ್ರಶ್ನೆಯನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಾರೆ. ಪರದೆ ಮಡಚಿ ಬೇಗ ಹೊರಟುಬಿಟ್ಟರೆ ಅದು ಹಾಗೆಯೇ ಮನೆಗೆ ಮರಳುತ್ತದೆ.

ಉಳಿದ ಹನ್ನೊಂದು ಹೆಸರುಗಳ ನೋಟ್‌ಬುಕ್ಕು ಸಂಘದ ಕಚೇರಿಯಲ್ಲಿದೆ. ಸೂರತ್ತಿನವರ ವಿಷಯವನ್ನೂ ಸೇರಿಸಿದರೆ ಹುಡುಕಬೇಕಾದವರು ಹನ್ನೆರಡು ಮಂದಿ. ಅವರ ಹೆಸರುಗಳನ್ನು ಇಲ್ಲಿ ಅಚ್ಚು ಹಾಕಿಲ್ಲ. ಸಿಗಬಾರದೆಂದು ಬಯಸುವ ಹಕ್ಕು ಅವರಿಗೂ ಇದೆ. ನಮ್ಮ ಓದುಗರಲ್ಲಿ ಹಳೆಯ ಹೋಟೆಲು, ಕ್ಯಾಂಟೀನುಗಳ ಸಂಬಳದ ಪುಸ್ತಕ ಇಟ್ಟುಕೊಂಡವರಿದ್ದಾರೆ, ರಾತ್ರಿ ಶಾಲೆಗಳ ಗುಂಪು ಫೋಟೋ ಇರುವವರಿದ್ದಾರೆ. ಗುಜರಿಯವನಿಗೆ ಹಾಕುವ ಮೊದಲು ದಯವಿಟ್ಟು ಒಮ್ಮೆ ತನ್ನಿ. ಭಾನುವಾರ ಸಂಜೆ ನಾಲ್ಕರಿಂದ ಏಳರ ತನಕ ಮಾಸ್ತರರು ಅಲ್ಲಿರುತ್ತಾರೆ. ಹುಡುಗನೂ ಇರುತ್ತಾನೆ, ಕನ್ನಡ ಅಕ್ಷರ ಗುರುತು ಹಿಡಿಯುವಾಗ ಸ್ವಲ್ಪ ನಿಧಾನ, ತಾಳ್ಮೆಯಿರಲಿ.